ಕನ್ನಡ ಅಂಕಿ ಕಲಿಯಲು ಒಂದರಿಂದ ಶುರು ಮಾಡಬೇಡಿ

ಶಿರಸಿಯ ಬಸ್ ನಿಲ್ದಾಣದಲ್ಲಿ ನಿಂತ ಸರ್ಕಾರಿ ಬಸ್ಸಿನ ಮೇಲೆ ‘ಕೆಎ ೩೧’ ಎಂದು ಬರೆದಿದ್ದರೆ, ಕನ್ನಡ ಪತ್ರಿಕೆಯನ್ನು ಸರಾಗವಾಗಿ ಓದುವವರೂ ಒಂದು ಕ್ಷಣ ತಡವರಿಸುತ್ತಾರೆ. ಮೂವತ್ತೊಂದೋ, ಇಪ್ಪತ್ತೊಂದೋ? ಓದುವುದೇ ಹೀಗಾದರೆ ಬರೆಯುವ ಮಾತು ದೂರವೇ ಉಳಿಯಿತು. ಇರುವುದು ಹತ್ತೇ ಗುರುತು. ದಿನಕ್ಕೆ ಇಪ್ಪತ್ತು ನಿಮಿಷದಂತೆ ಒಂದು ವಾರ ಕೂತರೆ ಕೈಗೆ ಹತ್ತುತ್ತವೆ.

ಬಹಳ ಮಂದಿಗೆ ಹತ್ತದಿರುವುದು ಕಲಿಯುವ ಕ್ರಮದಿಂದ. ಒಂದರಿಂದ ಹತ್ತರವರೆಗೆ ಸಾಲಾಗಿ ಬರೆಯುತ್ತ ಹೋದರೆ ಸಾಲು ಬಾಯಿಪಾಠವಾಗುತ್ತದೆ, ಬಿಡಿ ಅಂಕಿ ಗುರುತು ಸಿಗುವುದಿಲ್ಲ. ೭ ಕಂಡರೆ ಮತ್ತೆ ಒಂದರಿಂದ ಎಣಿಸಿಕೊಂಡು ಬರಬೇಕಾಗುತ್ತದೆ. ಹಾಗಾಗಿ ಒಂದನ್ನೊಂದು ಹೋಲುವ ಅಂಕಿಗಳನ್ನು ಒಟ್ಟಿಗೆ ಕೂರಿಸಿ ಕಲಿಯಿರಿ. ಚೌಕದ ಗೆರೆಯಿರುವ ಗಣಿತದ ಪಟ್ಟಿ, ಒಂದು ಪೆನ್ಸಿಲು ಸಾಕು. ಮೊದಲ ಎರಡು ದಿನ ಒಂದೊಂದು ಅಂಕಿಗೂ ನಾಲ್ಕು ಚೌಕ ಬಳಸಿ ದೊಡ್ಡದಾಗಿ ಬರೆಯಿರಿ. ಚಿಕ್ಕದಾಗಿ ಬರೆದರೆ ಕೈಯ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಮೊದಲ ಗುಂಪು ೦, ೧, ೮. ಮೂರಕ್ಕೂ ಮೂಲ ಒಂದೇ ದುಂಡು. ಪೂರ್ತಿ ಮುಚ್ಚಿದರೆ ಸೊನ್ನೆ, ಬಾಯಿ ಕೆಳಕ್ಕೆ ತೆರೆದರೆ ಒಂದು, ಮೇಲಕ್ಕೆ ತೆರೆದರೆ ಎಂಟು. ‘ಗ’ ಅಕ್ಷರದ ತಲೆಕಟ್ಟು ತೆಗೆದರೆ ಉಳಿಯುವುದೇ ೧ ಎಂದು ನೆನಪಿಟ್ಟುಕೊಳ್ಳಬಹುದು. ಅವಸರದಲ್ಲಿ ೧ರ ಎರಡು ತುದಿ ಕೂಡಿಬಿಟ್ಟರೆ ಅದು ಸೊನ್ನೆಯಾಗುತ್ತದೆ, ೧೧೦ ಇದ್ದದ್ದು ೧೦೦ ಆಗುತ್ತದೆ. ಬಾಯಿಯ ಅಗಲ ಗೆರೆಯ ದಪ್ಪಕ್ಕಿಂತ ಎರಡು ಪಟ್ಟಾದರೂ ಇರಲಿ. ಗೋಡೆಗೆ, ಬೋರ್ಡಿಗೆ ಬಣ್ಣದಲ್ಲಿ ಬರೆಯುವಾಗ ಇದನ್ನು ಇನ್ನೂ ಕಟ್ಟುನಿಟ್ಟಾಗಿ ಪಾಲಿಸಬೇಕು, ಏಕೆಂದರೆ ಬಣ್ಣ ಇಳಿದು ಬಾಯಿ ಮುಚ್ಚಿಕೊಳ್ಳುತ್ತದೆ.

ಎರಡನೇ ಜೋಡಿ ೨, ೩. ಇವು ದಿನಬಳಕೆಯ 2, 3ರ ನೆಂಟರೇ. ನಾವು ‘ಇಂಗ್ಲಿಷ್ ಅಂಕಿ’ ಎನ್ನುವುದನ್ನು ಸಂವಿಧಾನದ 343ನೇ ವಿಧಿ ‘ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ’ ಎಂದೇ ಕರೆದಿದೆ. ಹೋಲಿಕೆ ಅಲ್ಲಿಂದ ಬಂದದ್ದು. ಇವೆರಡರ ನಡುವಿನ ವ್ಯತ್ಯಾಸ ೩ರ ನಡುವೆ ಬರುವ ಕಚ್ಚು ಮಾತ್ರ. ಆ ಕಚ್ಚನ್ನು ಆಳವಾಗಿ ಒಳಕ್ಕೆ ತನ್ನಿ. ಅದು ಸವೆದರೆ ಶಿರಸಿಯ ೩೧ ದೂರದಿಂದ ೨೧ ಆಗಿ ಕಾಣುತ್ತದೆ.

೪ರ ತಲೆ ಸದಾ ತೆರೆದೇ ಇರಬೇಕು. ಮೇಲಿನ ಎರಡು ಕೋಡು ಕೂಡಿದರೆ ಇಂಗ್ಲಿಷ್ ಅಂಕಿಗೆ ಒಗ್ಗಿದ ಕಣ್ಣು ಅದನ್ನು 8 ಎಂದೇ ಓದುತ್ತದೆ. ೫ ಮತ್ತು ೭ಕ್ಕೆ ಹೀಗೆ ಜೋಡಿಯಿಲ್ಲ, ಮುದ್ರಿತ ಅಂಕಿ ನೋಡಿಕೊಂಡು ಎರಡೆರಡು ಸಾಲು ಬರೆದರೆ ಆಯಿತು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ೬ ಮತ್ತು ೯. ಇದಕ್ಕೆ ಬೀಗದ ಕೈ ನಿಮ್ಮ ಬಳಿಯೇ ಇದೆ. ‘ಸೂರ್ಯ’ ಎಂದು ಬರೆದು ಕೊನೆಯ ಅರ್ಕಾವತ್ತನ್ನು ನೋಡಿ. ಅದೇ ೯. ಅರ್ಕಾವತ್ತು ಬರೆಯಲು ಬರುವವರಿಗೆ ಒಂಬತ್ತು ಬಂದೇ ಬಂತು. ಅದರಂತೆ ಕಂಡೂ ಅದಲ್ಲದ್ದು ೬. ಅಭ್ಯಾಸಕ್ಕೆ ಹೊನ್ನಾವರ ಒಳ್ಳೆಯ ಜಾಗ. ಕರಾವಳಿಯ ರಾಷ್ಟ್ರೀಯ ಹೆದ್ದಾರಿ ೬೬ಕ್ಕೆ ಘಟ್ಟದ ಕಡೆಯ ೬೯ ಸೇರುವುದು ಅಲ್ಲೇ. ೬೬, ೬೯, ೯೬, ೯೯ ಈ ನಾಲ್ಕನ್ನು ಹಿಂದೆ ಮುಂದೆ ಮಾಡಿ ಇಪ್ಪತ್ತು ಸಲ ಬರೆಯಿರಿ. ಆಮೇಲೆ ‘ಮಾರ್ಚ್ ೯’ ಎಂದು ಬರೆದು ನೋಡಿ: ಅರ್ಕಾವತ್ತು, ಒಂಬತ್ತು ಎರಡೂ ಪಕ್ಕಪಕ್ಕದಲ್ಲಿ ಕೂರುತ್ತವೆ. ಇಂಥ ಕಡೆ ಅಂಕಿಗೂ ಅಕ್ಷರಕ್ಕೂ ನಡುವೆ ಒಂದು ಅಕ್ಷರದಷ್ಟು ಜಾಗ ಬಿಡದಿದ್ದರೆ ಓದುವವರಿಗೆ ತೊಂದರೆ.

ಮೂರನೇ ದಿನದಿಂದ ಪಿನ್ ಕೋಡ್ ಹಿಡಿಯಿರಿ. ಶಿರಸಿಯದು ೫೮೧೪೦೧, ಕಾರವಾರದ್ದು ೫೮೧೩೦೧. ಮೇಲೆ ಹೇಳಿದ ಮುಕ್ಕಾಲು ಪಾಲು ಎಡವಟ್ಟುಗಳು ಈ ಎರಡರಲ್ಲೇ ಇವೆ. ಎಂಟರ ಪಕ್ಕ ಒಂದು, ಸೊನ್ನೆಯ ಪಕ್ಕ ಮತ್ತೆ ಒಂದು. ವಾಹನದ ಅಂಕಿಗಳೂ ಆಗುತ್ತವೆ: ಕಾರವಾರ ೩೦, ಶಿರಸಿ ೩೧, ಹೊನ್ನಾವರ ೪೭, ದಾಂಡೇಲಿ ೬೫. ಮನೆಯವರೊಬ್ಬರು ಹೇಳಲಿ, ನೀವು ಬರೆಯಿರಿ. ಮರುದಿನ ಬರೆದದ್ದನ್ನು ಅವರಿಗೇ ಓದಲು ಕೊಡಿ. ಅವರು ಎಲ್ಲಿ ತಡೆಯುತ್ತಾರೋ ಆ ಅಂಕಿಗೆ ಇನ್ನೊಂದು ಸಾಲು.

ಕಾರವಾರ, ಅಂಕೋಲಾ ಕಡೆಯವರಿಗೆ ಒಂದು ಮಾತು. ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಕೊಂಕಣಿ, ಮರಾಠಿ ಓದುವ ಮನೆಗಳಲ್ಲಿ ದೇವನಾಗರಿ ಅಂಕಿ ಇಂದಿಗೂ ಕಣ್ಣಿಗೆ ಪರಿಚಿತ. ಅದರ ಎರಡು, ಮೂರು, ನಾಲ್ಕು ಕನ್ನಡದವಕ್ಕೆ ಹತ್ತಿರವಾದ್ದರಿಂದ ತಾಪತ್ರಯವಿಲ್ಲ. ಒಂದು, ಐದು, ಏಳು, ಎಂಟು ಹಾಗಲ್ಲ, ಬೇರೆ. ಇವನ್ನು ಹೊಸದಾಗಿಯೇ ಕಲಿಯಬೇಕು, ಹಳೆಯ ಕೈ ತಾನಾಗಿ ಅತ್ತ ಎಳೆಯುತ್ತದೆ.

ಮೊಬೈಲಿನ ಹಲವು ಕನ್ನಡ ಕೀಲಿಮಣೆಗಳಲ್ಲಿ ಅಂಕಿಯ ಗುಂಡಿಯನ್ನು ಒತ್ತಿ ಹಿಡಿದರೆ ಕನ್ನಡ ರೂಪ ಸಿಗುತ್ತದೆ. ಇಲ್ಲಿ ಆಗುವ ತಪ್ಪು ಕಣ್ಣಿಗೆ ಕಾಣುವುದಿಲ್ಲ. ಅನುಸ್ವಾರದ ಬದಲು ಸೊನ್ನೆ ಒತ್ತಿ ‘ಬ೦ಡಿ’ ಎಂದು, ಅರ್ಕಾವತ್ತಿನ ಬದಲು ಒಂಬತ್ತು ಒತ್ತಿ ‘ಸೂಯ೯’ ಎಂದು ಬೆರಳಚ್ಚು ಮಾಡುವವರಿದ್ದಾರೆ. ನೋಡಲು ಸರಿಯೇ, ಆದರೆ ಯಂತ್ರಕ್ಕೆ ಅದು ಪದವಲ್ಲ. ಆ ಪದವನ್ನು ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಲ್ಲಿ ಜಾಗ ತಪ್ಪುತ್ತದೆ. ಒಂದೇ ಕಡತದಲ್ಲಿ ಎರಡೂ ಬಗೆಯ ಅಂಕಿ ಬೆರೆಸಿದರೂ ಇದೇ ಗತಿ: 1956 ಎಂದು ಹುಡುಕಿದವರಿಗೆ ೧೯೫೬ ಸಿಗದೆ ಹೋಗಬಹುದು. ಯಾವುದಾದರೂ ಒಂದನ್ನು ಆರಿಸಿ ಕೊನೆಯವರೆಗೆ ಅದನ್ನೇ ಬಳಸಿ.

ಮದುವೆಯ ಕರೆಯೋಲೆ, ಮನೆ ನಂಬರು, ಯಕ್ಷಗಾನದ ಕರಪತ್ರ, ಸಂಘದ ರಸೀದಿ, ಇಲ್ಲೆಲ್ಲ ಕನ್ನಡ ಅಂಕಿ ಧಾರಾಳವಾಗಿ ಬರಲಿ. ರಸೀದಿಯಲ್ಲಿ ಮೊತ್ತವನ್ನು ಅಕ್ಷರದಲ್ಲೂ ಬರೆಯಿರಿ. ಸ್ವಂತ ವಾಹನದ ನೋಂದಣಿ ಫಲಕ ಮಾತ್ರ ಬೇರೆ: 1989ರ ಕೇಂದ್ರ ಮೋಟಾರು ವಾಹನ ನಿಯಮದಂತೆ ಅದು ಇಂಗ್ಲಿಷ್ ಅಕ್ಷರ, ಅರೇಬಿಕ್ ಅಂಕಿ (ಅಂದರೆ ನಾವು ಇಂಗ್ಲಿಷ್ ಅಂಕಿ ಎನ್ನುವ 1, 2, 3)ಯಲ್ಲೇ ಇರಬೇಕು.

ಹತ್ತೂ ಅಂಕಿ ಕೈವಶವಾದ ಮೇಲೆ ಪಂಚಾಂಗ ತೆರೆಯಿರಿ. ಶಾಲಿವಾಹನ ಶಕೆ ೧೯೪೭ ಎಂದು ಕಂಡರೆ ಅದು ಸ್ವಾತಂತ್ರ್ಯ ಬಂದ ವರ್ಷವಲ್ಲ. ಯುಗಾದಿಯಿಂದ ಡಿಸೆಂಬರ್ ಕೊನೆಯವರೆಗಿನ ದಿನಕ್ಕೆ 78, ಜನವರಿಯಿಂದ ಮುಂದಿನ ಯುಗಾದಿಯವರೆಗಿನ ದಿನಕ್ಕೆ 79 ಕೂಡಿಸಬೇಕು. ಹಾಗೆ ಕೂಡಿಸಿದರೆ 2025, 2026 ಬರುತ್ತದೆ. ದೇವಸ್ಥಾನದ ಜೀರ್ಣೋದ್ಧಾರದ ಕಲ್ಲಿನಲ್ಲಿ ಶಕೆ ಕೊಟ್ಟಿದ್ದರೂ ಲೆಕ್ಕ ಇದೇ.

ಅಟ್ಟದಲ್ಲಿ ಅಜ್ಜನ ಕಾಲದ ಅಡಿಕೆ ಲೆಕ್ಕದ ಪುಸ್ತಕವಿದ್ದರೆ ಅದನ್ನೂ ಕೆಳಗಿಳಿಸಿ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೆ ಮೊದಲಿನ ಲೆಕ್ಕ ರೂಪಾಯಿ, ಆಣೆಯಲ್ಲಿ. ರೂಪಾಯಿಗೆ 16 ಆಣೆ. ಅಂಕಿಯ ನಂತರದ ಒಂದು ನಿಂತ ಗೆರೆ ಕಾಲು, ಎರಡು ಗೆರೆ ಅರ್ಧ, ಮೂರು ಗೆರೆ ಮುಕ್ಕಾಲು. ಅದರ ಮುಂದಿನ ಒಂದೊಂದು ಅಡ್ಡಗೆರೆಗೂ ಒಂದೊಂದು ಆಣೆ. ‘೩೨।।=’ ಎಂದಿದ್ದರೆ ಮೂವತ್ತೆರಡು ರೂಪಾಯಿ, ಅರ್ಧಕ್ಕೆ ಎಂಟಾಣೆ, ಅಡ್ಡಗೆರೆಗೆ ಎರಡಾಣೆ; ಒಟ್ಟು ಮೂವತ್ತೆರಡು ರೂಪಾಯಿ ಹತ್ತಾಣೆ. ನಿಂತ ಗೆರೆಯನ್ನು ಇಂಗ್ಲಿಷಿನ 1 ಎಂದು ಓದಿಬಿಟ್ಟರೆ ಮೂವತ್ತೆರಡು ಹೋಗಿ ಮೂರು ಸಾವಿರ ದಾಟುತ್ತದೆ. ಅನುಮಾನ ಬಂದರೆ ಪುಟದ ಕೆಳಗಿನ ಮೊತ್ತ ನೋಡಿ, ಮೇಲಿನ ಸಾಲುಗಳನ್ನು ಒಂದೊಂದಾಗಿ ಕೂಡಿಸಿ ತಾಳೆ ಹಾಕಿ.