ದಾವಣಗೆರೆಯಲ್ಲಿ ಕೂತು ಗ್ರಾಫಿಕ್ಸ್ ಕಾರ್ಡ್ ಹುಡುಕಿದ್ದು

ಮೊದಲ ಸಲ ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್, ಅಂದ್ರೆ ಕಂಪ್ಯೂಟರಿನಲ್ಲಿ ಆಟದ ಚಿತ್ರ ಮೂಡಿಸುವ ಕಾರ್ಡ್. 2022ರ ಸೆಪ್ಟೆಂಬರ್‌ನಲ್ಲಿ ಇಂಥ ಕಾರ್ಡ್‌ಗಳಲ್ಲಿ ಮಾಡುತ್ತಿದ್ದ ಇಥೀರಿಯಂ (ಕ್ರಿಪ್ಟೋ ನಾಣ್ಯ) ಮೈನಿಂಗ್ ನಿಂತ ಮೇಲೆ ಹಳೇ ಕಾರ್ಡ್‌ಗಳು ರಾಶಿ ರಾಶಿ ಮಾರಾಟಕ್ಕೆ ಬಂದಿದ್ದವು, 8 ಜಿಬಿ ಮೆಮೊರಿ ಅಂತ ಬರೆದಿತ್ತು, ರೇಟೂ ಕಮ್ಮಿ ಇತ್ತು, ಹಿಂದೆ ಮುಂದೆ ನೋಡದೆ ದುಡ್ಡು ಕಳಿಸಿಬಿಟ್ಟೆ. ಬಂದ ಮೇಲೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ಹಾಕಿ ನೋಡಿದರೆ ಶೇಡರ್ (ಲೆಕ್ಕ ಮಾಡುವ ಪುಟ್ಟ ಕೋರ್‌ಗಳು) 2048. ಅಸಲಿ 580ರಲ್ಲಿ 2304 ಇರಬೇಕು. ಅಂದ್ರೆ ಕೈಗೆ ಬಂದಿದ್ದು ಹೆಚ್ಚೂಕಮ್ಮಿ ಅದಕ್ಕಿಂತ ಕೆಳಗಿನ ಮಾಡೆಲ್ 570! ಮಾರಿದವರು ಆಮೇಲೆ ಫೋನ್ ಎತ್ತಲೇ ಇಲ್ಲ. ತುಂಬಾ ಬೇಜಾರಾಗಿತ್ತು.

ಎರಡನೇ ಸಲ ಮೊದಲು ನನ್ನ ಮಷಿನ್ನಿನಲ್ಲಿ ಏನಿದೆ ಅಂತ ಬರೆದಿಟ್ಟುಕೊಂಡೆ. ರೈಜನ್ 5 2600, ಬಿ450 ಬೋರ್ಡ್, 450 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), 1080ಪಿ ಮಾನಿಟರ್. ಇಲ್ಲೇ ಊರಿನ ಒಂದು ಅಂಗಡಿಯಲ್ಲಿ "ಹೊಸ ಮಾಡೆಲ್ ಸಾರ್, ತಗೊಳ್ಳಿ" ಅಂತ ಆರ್‌ಎಕ್ಸ್ 6500 ಎಕ್ಸ್‌ಟಿ ತೋರಿಸಿದರು. ಅದರಲ್ಲಿರುವುದು 4 ಜಿಬಿ. ಸ್ಲಾಟ್ ಎಷ್ಟೇ ಉದ್ದ ಇರಲಿ, ಆ ಕಾರ್ಡ್ ಬಳಸೋದು 4 ಲೇನ್ (ಡೇಟಾ ಓಡಾಡುವ ದಾರಿ) ಮಾತ್ರ. ಪಿಸಿಐಇ (ಕಾರ್ಡ್ ಕೂರುವ ಸ್ಲಾಟ್) 4.0 ಬೋರ್ಡಿದ್ದರೆ ಹೇಗೋ ನಡೆಯುತ್ತದೆ, ಆದರೆ ನನ್ನದು 3.0, ಹಾಗಾಗಿ ದಾರಿ ಅರ್ಧಕ್ಕರ್ಧ ಕಿರಿದು. 4 ಜಿಬಿ ತುಂಬಿದ ಮೇಲೆ ಮಿಕ್ಕ ಟೆಕ್ಸ್ಚರ್‌ಗಳು ಸಿಸ್ಟಮ್ ರ‍್ಯಾಮ್‌ನಿಂದ ಅದೇ ಕಿರಿದಾರಿಯಲ್ಲಿ ಬರಬೇಕು, ಆಟ ತಡೆತಡೆದು ಓಡುವುದು ಅದಕ್ಕೇ. ಅದರ ಬದಲು ನೋಡಿದ ಆರ್‌ಎಕ್ಸ್ 6600ನಲ್ಲಿ 8 ಜಿಬಿ, 8 ಲೇನ್, ಕರೆಂಟ್ 132 ವ್ಯಾಟ್. ನನ್ನ ಎಸ್‌ಎಂಪಿಎಸ್ ಬದಲಾಯಿಸುವ ಖರ್ಚೂ ಇಲ್ಲ.

ಆರ್‌ಟಿಎಕ್ಸ್ 3060 12 ಜಿಬಿ ಮೇಲೂ ಕಣ್ಣಿತ್ತು. ಬ್ಲೆಂಡರ್‌ನಲ್ಲಿ 3ಡಿ ಕೆಲಸ, ವಿಡಿಯೋ ಎಡಿಟಿಂಗ್ ಮಾಡುವವರು ಅದನ್ನೇ ತಗೊಳ್ಳಲಿ, ಎನ್‌ವಿಡಿಯಾ ಕಾರ್ಡ್‌ಗಳ CUDA ಅನ್ನೋ ತಂತ್ರಜ್ಞಾನ ಅಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ನಾನು ಆಡೋದಷ್ಟೇ. ನಾನು ಆಡುವ ಮೂರು ಆಟಗಳಲ್ಲಿ ಪ್ರತಿ ಕಾರ್ಡ್ ಸರಾಸರಿ ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಕೊಡುತ್ತದೆ ಅಂತ ಹುಡುಕಿ, ಬೆಲೆಯನ್ನು ಅದರಿಂದ ಭಾಗಿಸಿದೆ. ಒಂದು ಫ್ರೇಮ್‌ಗೆ ಎಷ್ಟು ರೂಪಾಯಿ ಬೀಳುತ್ತದೆ ಅನ್ನೋದು ಕಣ್ಣೆದುರಿಗೇ ಬಂತು, 6600 ಸಲೀಸಾಗಿ ಮುಂದಿತ್ತು. ಬೆಲೆ ಬರೆಯುವಾಗ 18% ಜಿಎಸ್‌ಟಿ ಸೇರಿಸಿಯೇ ಬರೀರಿ. ಬಿಲ್ ಇಲ್ಲದೆ ಸಾವಿರ ರೂಪಾಯಿ ಕಮ್ಮಿಗೆ ಕೊಡುತ್ತೇವೆ ಅನ್ನುವವರು ಸಿಗುತ್ತಾರೆ, ಆದರೆ ನಾಳೆ ವಾರಂಟಿ ಕೇಳಲು ಹೋದಾಗ ಮೊದಲು ಕೇಳೋದೇ ಬಿಲ್ ಅಲ್ವಾ?

ಆರ್‌ಟಿಎಕ್ಸ್ 3050 ನೋಡುವವರು ಒಂದು ಗಮನಿಸಿ. ಅದೇ ಹೆಸರಿನಲ್ಲಿ 8 ಜಿಬಿಯದೂ ಇದೆ, 6 ಜಿಬಿಯದೂ ಇದೆ. 6 ಜಿಬಿಯದರಲ್ಲಿ ಬರೀ ಮೆಮೊರಿ ಅಲ್ಲ, ಕೋರ್‌ಗಳೂ ಕಮ್ಮಿ. ಆದರೆ ಅದಕ್ಕೆ 70 ವ್ಯಾಟ್ ಸಾಕು, ಹಾಗಾಗಿ ಹಳೇ ಆಫೀಸ್ ಕಂಪ್ಯೂಟರಿಗೆ ಹಾಕೋದಾದರೆ ಅದೇ ಸರಿ.

ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಕ್ಯಾಬಿನೆಟ್ ಮುಟ್ಟಿದರೆ ಬೆಚ್ಚಗಿರುತ್ತದೆ. ನನ್ನ ಮಾನಿಟರ್ 75 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 75 ಫ್ರೇಮ್ ಮಾತ್ರ ತೋರಿಸುತ್ತದೆ, ಸುಮ್ನೆ 110 ಫ್ರೇಮ್ ಓಡಿಸಿ ಏನು ಪ್ರಯೋಜನ ಅಂತ ಡ್ರೈವರ್‌ನಲ್ಲೇ 75ಕ್ಕೆ ಮಿತಿ ಹಾಕಿದ್ದೇನೆ. ಫ್ಯಾನ್ ಸದ್ದು ಆವತ್ತೇ ಕಮ್ಮಿಯಾಯಿತು.