ಅಮೆರಿಕದ ಕ್ಲಾಸಿನಲ್ಲಿ ಡೌಟ್ ಕೇಳುವುದು ಎಲ್ಲಿ, ಹೇಗೆ?

ಸುರತ್ಕಲ್, ನಿಟ್ಟೆ, ಮಣಿಪಾಲದಲ್ಲಿ ಓದುವಾಗ ಡೌಟ್ ಬಂದರೆ ಪಕ್ಕದ ಬೆಂಚಿನವನೋ ಹಾಸ್ಟೆಲಿನ ಸೀನಿಯರೋ ಸಿಗುತ್ತಿದ್ದರು. ಅಮೆರಿಕದಲ್ಲಿ ಎಂಎಸ್‌ಗೆ ಸೇರಿದ ಮೇಲೆ ಆ ಕೆಲಸ ಹೆಚ್ಚಾಗಿ ಪಿಯಾಜಾ, ಎಡ್ ಅಥವಾ ಕ್ಯಾನ್ವಾಸ್ ಎಂಬ, ಕ್ಲಾಸಿನವರೆಲ್ಲ ಪ್ರಶ್ನೆ-ಉತ್ತರ ಬರೆಯುವ ವೆಬ್‌ಸೈಟುಗಳಲ್ಲಿ ನಡೆಯುತ್ತದೆ. ಪ್ರೊಫೆಸರಿಗೆ ಮೇಲ್ ಹಾಕಿದರೆ "ಅಲ್ಲೇ ಕೇಳಿ" ಅನ್ನಬಹುದು. ಅದು ಸಿಟ್ಟಲ್ಲ. ದೊಡ್ಡ ಕ್ಲಾಸಿನಲ್ಲಿ ನೂರಾರು ಜನ ಇರುತ್ತಾರೆ, ಒಮ್ಮೆ ಉತ್ತರ ಬರೆದರೆ ಎಲ್ಲರಿಗೂ ಆಯ್ತು.

ನಮ್ಮೂರ ಮಕ್ಕಳಿಗೆ ನಾಚಿಕೆ ಜಾಸ್ತಿ. ಪಿಯಾಜಾ ಹುಟ್ಟಿದ್ದೇ ಅಂಥ ಸಂಕೋಚದಿಂದ. ಐಐಟಿ ಕಾನ್ಪುರದಲ್ಲಿ ಕಂಪ್ಯೂಟರ್ ಸೈನ್ಸ್ ಓದುವಾಗ ಹುಡುಗರೇ ತುಂಬಿದ್ದ ಕ್ಲಾಸಿನಲ್ಲಿ ಕೇಳಲು ಹಿಂಜರಿದಿದ್ದ ಪೂಜಾ ಶಂಕರ್, ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ 2009ರಲ್ಲಿ ಅದನ್ನು ಶುರು ಮಾಡಿದರು. ಹೆಸರು ಕಾಣಿಸದೆ ಕೇಳಬಹುದು. ಆದರೆ ಸಹಪಾಠಿಗಳಿಗೆ ಮಾತ್ರ ಹೆಸರು ಮುಚ್ಚಿದ್ದರೆ ಪ್ರೊಫೆಸರಿಗೂ ಅವರಿಗೆ ಕ್ಲಾಸಿನಲ್ಲಿ ನೆರವಾಗುವ ಟಿಎಗಳಿಗೂ (ಟೀಚಿಂಗ್ ಅಸಿಸ್ಟೆಂಟ್) ಕಾಣುತ್ತದೆ. ಕಂಡರೆ ಕಾಣಲಿ ಮಾರಾಯ್ರೆ, ಪ್ರಶ್ನೆ ಕೇಳಿದವರಿಗೆ ಮಾರ್ಕ್ ಕಡಿಯುವುದಿಲ್ಲ.

"ಕೋಡ್ ಓಡ್ತಿಲ್ಲ, ಹೆಲ್ಪ್ ಪ್ಲೀಸ್" ಅಂತ ಸುಮ್ನೆ ಬರೆದರೆ ಯಾರೂ ತಿರುಗಿ ನೋಡಲಿಕ್ಕಿಲ್ಲ. ಹೀಗೆ ಬರೆಯಿರಿ: "ಲಿಂಕ್ಡ್ ಲಿಸ್ಟಿನಲ್ಲಿ ಒಂದೇ ನೋಡ್ ಇದ್ದಾಗ ಅದನ್ನು ಅಳಿಸಿದರೆ ಸೆಗ್ಮೆಂಟೇಶನ್ ಫಾಲ್ಟ್ ಬರುತ್ತದೆ. ಎರಡಿದ್ದರೆ ಸರಿ. ಜಿಡಿಬಿಯಲ್ಲಿ (ಕೋಡಿನ ತಪ್ಪು ಹುಡುಕುವ ಸಾಫ್ಟ್‌ವೇರ್) ನೋಡಿದೆ, ಹೆಡ್ ಪಾಯಿಂಟರ್ ನಲ್ ಆಗುತ್ತಿಲ್ಲ." ಎಷ್ಟೋ ಸಲ ಇಷ್ಟು ಬರೆಯುವಷ್ಟರಲ್ಲೇ ಉತ್ತರ ಹೊಳೆಯುತ್ತದೆ. ಎರರ್ ಮೆಸೇಜಿನ ಫೋಟೋ ಬೇಡ, ಅಕ್ಷರದಲ್ಲೇ ಹಾಕಿ. ಆಗ ಬೇರೆಯವರು ಹುಡುಕಿದರೂ ಸಿಗುತ್ತದೆ. ನೀವೂ ಕೇಳುವ ಮೊದಲು ಒಮ್ಮೆ ಹುಡುಕಿ.

ಅಸೈನ್‌ಮೆಂಟಿನ ಕೋಡನ್ನು ಮಾತ್ರ ಎಲ್ಲರೆದುರು ಹಾಕಬೇಡಿ. ಟಿಎಗಳಿಗಷ್ಟೇ ಕಾಣುವ ಪ್ರೈವೇಟ್ ಪೋಸ್ಟ್ ಅದಕ್ಕೇ ಇರುವುದು. ಇಲ್ಲಿ ನಮ್ಮವರು ಸಿಕ್ಕಿಬೀಳುವುದು ವಾಟ್ಸಾಪ್ ಗ್ರೂಪಿನಿಂದ. ಮಂಗಳೂರಿನವರು ನಾಲ್ಕು ಜನ ಒಂದೇ ಕೋರ್ಸಿನಲ್ಲಿದ್ದರೆ ಗ್ರೂಪ್ ಆಗುತ್ತದೆ, ರಾತ್ರಿ ಯಾರೋ "ಸುಮ್ನೆ ನೋಡ್ಲಿಕ್ಕೆ" ಅಂತ ಕೋಡ್ ಕಳಿಸುತ್ತಾರೆ. ಕೋಡಿನ ನಕಲು ಹಿಡಿಯಲು 1994ರಿಂದ ಇರುವ ಮಾಸ್‌ನಂಥ ಸಾಫ್ಟ್‌ವೇರ್ ಎರಡು ಪ್ರೋಗ್ರಾಮುಗಳ ರಚನೆಯನ್ನೇ ಹೋಲಿಸುತ್ತದೆ. ವೇರಿಯಬಲ್ ಹೆಸರು ಬದಲಿಸಿದರೆ ಪ್ರಯೋಜನವಿಲ್ಲ. ಕೊಟ್ಟವರೂ ತಪ್ಪಿತಸ್ಥರೇ ಅನ್ನುವ ನಿಯಮ ಬಹಳ ಕಡೆ ಇದೆ. ಮೊದಲ ವಾರ ಸಿಲಬಸ್ ಕೊಟ್ಟಾಗ ನಕಲಿನ ನಿಯಮದ ಭಾಗವನ್ನು ಪೂರ್ತಿ ಓದಿ.

ಕೆಲವು ಕೋರ್ಸುಗಳಲ್ಲಿ ಚರ್ಚೆಗೇ ಮಾರ್ಕ್ ಇರುತ್ತದೆ. ನೀವು ಬರೆಯುವ ತನಕ ಬೇರೆಯವರದ್ದು ಕಾಣದ ಹಾಗೆಯೂ ಕ್ಯಾನ್ವಾಸ್‌ನಲ್ಲಿ ಮಾಡಿಡಬಹುದು. ಹಾಗಾಗಿ ಕೊನೆಯ ರಾತ್ರಿ ನಾಲ್ಕು ಉತ್ತರ ಓದಿ ಐದನೆಯದು ಹೊಸೆಯುವ ಪ್ಲಾನ್ ಇದ್ದರೆ ಈಗಲೇ ಬಿಡಿ.