ಬೀಟೆಯ ತುಂಡಿಗೆ ಬಣ್ಣದ ರೆಸಿನ್ ಕಚ್ಚಿತು: ಪೆನ್ ಬ್ಲಾಂಕ್ ಎರಕದಲ್ಲಿ ನನ್ನ ಅನುಭವ

ಪೆನ್ ಬ್ಲಾಂಕ್ ಎಂದರೆ ನಡುವೆ ರಂಧ್ರ ಕೊರೆದು, ಲೇತಿನಲ್ಲಿ ಕಡೆದು ಪೆನ್ನಿನ ಮೈ ಮಾಡುವ ತುಂಡು. ನಾನು ಅದನ್ನು ಮರದ ಚೂರುಗಳ ಸುತ್ತ ಬಣ್ಣದ ರೆಸಿನ್ (ಹುಯ್ದ ಮೇಲೆ ಗಟ್ಟಿಯಾಗುವ ದ್ರವ, ನನ್ನದು ಎಪಾಕ್ಸಿ) ಹುಯ್ದು ಮಾಡುತ್ತೇನೆ. ಬೀಟೆ ಮರಕ್ಕೆ ರೆಸಿನ್ ಕಚ್ಚುವುದಿಲ್ಲ, ಕಚ್ಚಿದರೂ ಲೇತಿನ ಮೇಲೆ ಬಿಟ್ಟುಕೊಳ್ಳುತ್ತದೆ ಎಂದು ಮೈಸೂರಿನಲ್ಲಿ ನನಗೆ ಹೇಳದವರೇ ಇಲ್ಲ. ಮಂಡಿ ಮೊಹಲ್ಲಾದಲ್ಲಿ ಇನ್‌ಲೇ ಕೆಲಸ (ಬೀಟೆ ಹಲಗೆಯಲ್ಲಿ ಬೇರೆ ಬಣ್ಣದ ಮರದ ಚೂರು ಕೂರಿಸಿ ಚಿತ್ರ ಮಾಡುವುದು) ಮಾಡುವ ಹಿರಿಯರೊಬ್ಬರು, "ಬೀಟೆಯ ಒಳಗೇ ಎಣ್ಣೆ ಇದೆ ಸ್ವಾಮಿ. ಅದನ್ನು ಅಂಟಿಸಿ ಲೇತಿಗೆ ಕಟ್ಟಿದರೆ ಮುಖಕ್ಕೇ ಹಾರುತ್ತದೆ" ಎಂದಿದ್ದರು. ಇಂದು ಅವರ ಜೇಬಿನಲ್ಲಿರುವುದು ಅವರದೇ ಕಾರ್ಖಾನೆಯ ಚೂರಿನಿಂದ ನಾನು ಮಾಡಿಕೊಟ್ಟ ಪೆನ್ನು. ಕಳೆದ ಮಳೆಗಾಲದಲ್ಲಿ ಎರಕ ಹುಯ್ದ ಬ್ಲಾಂಕ್‌ಗಳಲ್ಲಿ ನೂರಕ್ಕೆ ತೊಂಬತ್ತರಷ್ಟಾದರೂ ಲೇತಿನಿಂದ ಇಡಿಯಾಗಿ ಇಳಿದಿವೆ.

ಸಾಮಗ್ರಿಗೆ ನಮ್ಮೂರಿನಷ್ಟು ಅನುಕೂಲ ಬೇರೆಲ್ಲಿದೆ? ಬೀಟೆ ಹಲಗೆಯ ಅಂಚು, ಅಂಬಾರಿ ಆನೆಯ ಚಿತ್ರಕ್ಕೆ ಕೊರೆದು ಉಳಿದ ಹಲಸಿನ ಹಳದಿ, ಹೊನ್ನೆಯ ಕೆಂಪುಗಂದು, ಎಲ್ಲವೂ ಬೆರಳುದ್ದದ ತುಂಡುಗಳಾಗಿ ಚೀಲ ಸೇರಿ ಒಲೆಗೆ ಹೋಗುತ್ತಿದ್ದವು. ಚೀಲಕ್ಕೆ ಮುನ್ನೂರು ರೂಪಾಯಿಯ ಆಸುಪಾಸಿನಲ್ಲಿ ತರುತ್ತಿದ್ದೆ. ನಾನು ಏನು ಮಾಡುತ್ತಿದ್ದೇನೆ ಎಂದು ತಿಳಿದ ಮೇಲೆ ಐನೂರಾಗಿದೆ. ಮೂಲ ಮರದ ಬಿಲ್ಲಿನ ನಕಲು ಇಲ್ಲದೆ ಬೀಟೆಯ ಚೂರನ್ನು ನಾನು ಮುಟ್ಟುವುದಿಲ್ಲ. 2017ರಿಂದ ಬೀಟೆಯ ಕುಲದ ಮರಗಳೆಲ್ಲ ಸೈಟಿಸ್ (ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ) ನಿಯಂತ್ರಣದಲ್ಲಿವೆ. ಹೊರದೇಶಕ್ಕೆ ಕಳಿಸುವ ಯೋಚನೆ ಇರುವವರು ಕಾಗದಪತ್ರವನ್ನು ಮೊದಲೇ ನೋಡಿಕೊಳ್ಳಿ.

ಕೆಟ್ಟದ್ದು ಏನೇನು ಎಂದು ಹೇಳುತ್ತೇನೆ, ಏಕೆಂದರೆ ದುಡ್ಡು ಹೋದದ್ದೆಲ್ಲ ಅಲ್ಲೇ. ತೆರೆದ ಅಚ್ಚಿನಲ್ಲಿ ಹುಯ್ದರೆ ಮರದ ರಂಧ್ರಗಳಿಂದ ಗಾಳಿ ಬರುತ್ತಲೇ ಇರುತ್ತದೆ. ಹೀಟ್ ಗನ್ ಹಿಡಿದರೆ ಮೇಲಿನ ಗುಳ್ಳೆ ಒಡೆಯುತ್ತದೆ, ಮರಕ್ಕೆ ಅಂಟಿಕೊಂಡ ಗುಳ್ಳೆ ಹಾಗೇ ಉಳಿಯುತ್ತದೆ. ಗಾಳಿ ಹೊರಗೆಳೆಯುವ ವ್ಯಾಕ್ಯೂಮ್ ಪಾತ್ರೆಯಲ್ಲಿಟ್ಟರೆ ಗಾಳಿ ಇನ್ನೂ ಹೆಚ್ಚು ಹೊರಟು, ರೆಸಿನ್ ನೊರೆಯಾಗಿಯೇ ಗಟ್ಟಿಯಾಗುತ್ತದೆ. ಜುಲೈ, ಆಗಸ್ಟಿನ ತೇವಕ್ಕೆ ಎಪಾಕ್ಸಿಯ ಮೈಮೇಲೆ ಜಿಗುಟು ಪದರ ಕಟ್ಟಿ, ಅದರ ಮೇಲೆ ಹುಯ್ದ ಎರಡನೆಯ ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಡ್ರಿಲ್. ಹೊರಗಿನಿಂದ ಚೆನ್ನಾಗಿಯೇ ಕಾಣುವ ಬ್ಲಾಂಕ್, ರಂಧ್ರ ಮುಕ್ಕಾಲು ಇಳಿದಾಗ ಬಿಸಿಗೆ ಬೀಟೆ ಒಂದು ಕಡೆ, ರೆಸಿನ್ ಒಂದು ಕಡೆ ಆಗುತ್ತಿತ್ತು. ರೆಸಿನ್, ಹೊಳಪು ಬಣ್ಣ ಕೊಡುವ ಮೈಕಾ ಪುಡಿ, ರಂಧ್ರದೊಳಗೆ ಕೂರಿಸುವ ಹಿತ್ತಾಳೆ ಕೊಳವೆ ಸೇರಿ ಹದಿನಾಲ್ಕು ಹದಿನೈದು ಸಾವಿರ ಹೀಗೆ ಕಸದ ಬುಟ್ಟಿಗೆ ಹೋಯಿತು.

ದಾರಿ ತಿರುಗಿದ್ದು ಮರದ ಕಡೆಗೆ ಗಮನ ಕೊಟ್ಟಾಗ. ಚೂರುಗಳನ್ನು ಹಳೆಯ ಓವನ್ನಿನಲ್ಲಿ ನೂರು ಡಿಗ್ರಿಯ ಸುಮಾರಿಗೆ ಇಟ್ಟು, ಆಗಾಗ ತೂಗಿ, ತೂಕ ಇಳಿಯುವುದು ನಿಂತ ಮೇಲೆಯೇ ಹೊರತೆಗೆಯುತ್ತೇನೆ. ತೆಗೆದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ. ಮಳೆಗಾಲದಲ್ಲಿ ರಾತ್ರಿ ಮೇಜಿನ ಮೇಲೆ ಬಿಟ್ಟರೆ ಬೆಳಗ್ಗೆ ತಕ್ಕಡಿಯೇ ಹೇಳುತ್ತದೆ, ತೇವ ಮರಳಿ ಬಂದಿದೆ ಎಂದು. ಹುಯ್ಯುವ ದಿನ ರೆಸಿನ್ ತಾಗುವ ಮೈಯನ್ನೆಲ್ಲ ಎಂಬತ್ತರ ಒರಟು ಉಜ್ಜುಕಾಗದದಿಂದ ಉಜ್ಜಿ ಅಸಿಟೋನ್‌ನಿಂದ ಒರೆಸುತ್ತೇನೆ. ಬಿಳಿ ಬಟ್ಟೆಗೆ ನೇರಳೆಗಂದು ಬಣ್ಣ ಹತ್ತುತ್ತದೆ. ಅದು ತೆಳುವಾಗುವವರೆಗೆ ಬಟ್ಟೆ ಬದಲಿಸುತ್ತಾ ಒರೆಸಬೇಕು. ತಡ ಮಾಡಿದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಹಾಗಾಗಿ ಕೂಡಲೇ ಬಣ್ಣವಿಲ್ಲದ ರೆಸಿನ್ನಿನ ತೆಳು ಲೇಪನ ಕೊಡುತ್ತೇನೆ. ಒರೆಸುವುದಕ್ಕೂ ಈ ಲೇಪನಕ್ಕೂ ನಡುವೆ ಇನ್ನೊಂದು ಸಣ್ಣ ಕೆಲಸವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ದುಡ್ಡು ಕಳೆದು ಕಲಿತದ್ದು, ನನ್ನ ಬಳಿಯೇ ಇರಲಿ.

ಲೇಪನ ಬೆರಳಿಗೆ ಜಿಗುಟೆನಿಸಬೇಕು, ಆದರೆ ಬೆರಳಿಗೆ ಹತ್ತಬಾರದು. ಬಣ್ಣ ಹುಯ್ಯಲು ಅದೇ ಸಮಯ. ಅದು ಪೂರ್ತಿ ಒಣಗಿದ ಮೇಲೆ ಹುಯ್ದರೆ ಹಿಡಿತ ಕಡಿಮೆ. ಮೈಕಾ ಪುಡಿ ತೂಕದಲ್ಲಿ ನೂರಕ್ಕೆ ಎರಡು ಮೂರು ಪಾಲು ಸಾಕು. ಕಲಸಿದ ಕೂಡಲೇ ಹುಯ್ದರೆ ಹೊಳಪೆಲ್ಲ ತಳ ಸೇರುತ್ತದೆ, ದೋಸೆ ಹಿಟ್ಟಿನ ಹದಕ್ಕೆ ಬರುವವರೆಗೆ ಕಾದರೆ ಸುಳಿ ಹಾಗೇ ನಿಲ್ಲುತ್ತದೆ. ಅಚ್ಚಿಗೆ ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಹಲಗೆಯನ್ನು ಕೊಯ್ದು ಸ್ಕ್ರೂ ಹಾಕಿದರಾಯಿತು, ಎಪಾಕ್ಸಿ ಅದಕ್ಕೆ ಅಂಟುವುದಿಲ್ಲ. ಬೀಟೆಯಷ್ಟು ಭಾರದ ಮರವೂ ರೆಸಿನ್ನಿನಲ್ಲಿ ತೇಲುತ್ತದೆ, ಆದ್ದರಿಂದ ಪ್ರತಿ ಚೂರಿಗೂ ಕೆಳಗೆ ಒಂದು ಹನಿ ಫೆವಿಕ್ವಿಕ್.

ಇನ್ನು ಗುಳ್ಳೆಗಳನ್ನು ಕುಗ್ಗಿಸುವ ಒತ್ತಡ. ಸ್ಪ್ರೇ ಪೇಂಟ್ ಮಾಡುವವರು ಬಳಸುವ ಹತ್ತು ಲೀಟರಿನ ಪ್ರೆಶರ್ ಟ್ಯಾಂಕ್ ಸುಮಾರು ಒಂಬತ್ತು ಸಾವಿರಕ್ಕೆ ಸಿಕ್ಕಿತು, ಕಂಪ್ರೆಸರ್ ಮೊದಲೇ ಇತ್ತು. ಅಚ್ಚನ್ನು ಅದರೊಳಗಿಟ್ಟು ನಲವತ್ತೈದು ಪಿಎಸ್‌ಐ (ಒತ್ತಡದ ಅಳತೆ) ಏರಿಸಿ, ರೆಸಿನ್ ಗಟ್ಟಿಯಾಗುವವರೆಗೆ ಇಡೀ ರಾತ್ರಿ ಇಳಿಯದಂತೆ ನೋಡಿಕೊಳ್ಳಬೇಕು. ನಡುವೆ ಸೋರಿದರೆ ಕುಗ್ಗಿದ ಗುಳ್ಳೆ ಮತ್ತೆ ಹಿಗ್ಗುತ್ತದೆ. ಅಡುಗೆಯ ಕುಕ್ಕರಿನಲ್ಲಿ ಇದನ್ನು ಮಾಡಿದೆವು ಎನ್ನುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಕುಕ್ಕರು ಇರುವುದು ಹದಿನೈದು ಪಿಎಸ್‌ಐಗೆ. ಮೂರು ಪಟ್ಟು ಒತ್ತಡದಲ್ಲಿ ಅದು ಬಾಂಬು.

ಈ ಕ್ರಮದಲ್ಲಿ ಮಾಡಿದ ಮೊದಲ ಬ್ಲಾಂಕನ್ನು ಅಡ್ಡಕ್ಕೆ ಕೊಯ್ದು ಭೂತಗನ್ನಡಿಯಲ್ಲಿ ನೋಡಿದೆ. ಬೀಟೆಯ ಕಪ್ಪು ಗೆರೆ ಮುಗಿಯುವಲ್ಲಿ ನವಿಲು ನೀಲಿ ಶುರುವಾಗಿತ್ತು, ನಡುವೆ ಅಂಟು ಬಿಟ್ಟಲ್ಲಿ ಕಾಣುವ ಬೆಳ್ಳಿಗೆರೆ ಕೂದಲೆಳೆಯಷ್ಟೂ ಇರಲಿಲ್ಲ. ಸುತ್ತಿಗೆಯಿಂದ ಹೊಡೆದಾಗ ಒಡೆದದ್ದು ಮರ, ಅಂಟು ಬಿಡಲಿಲ್ಲ.

ಡ್ರಿಲ್ಲಿಗೆ ಮುನ್ನ ಒಂದು ವಾರ ಬಿಡಿ. ಮರುದಿನವೇ ಕೊರೆದರೆ ರೆಸಿನ್ ಮೆತ್ತಗಾಗಿ ಡ್ರಿಲ್ಲಿಗೆ ಸುತ್ತಿಕೊಳ್ಳುತ್ತದೆ. ಬ್ಲಾಂಕ್ ಸ್ವಲ್ಪ ಉದ್ದವೇ ಇರಲಿ. ಆಚೆ ತುದಿಗೆ ತೂತು ಬೀಳುವ ಮೊದಲೇ ನಿಲ್ಲಿಸಿ ತುದಿಯನ್ನು ಕೊಯ್ದರೆ ಚಕ್ಕೆ ಏಳುವುದಿಲ್ಲ. ರಂಧ್ರದ ಒಳಮೈಗೆ ಅದೇ ಬಣ್ಣ ಬಳಿಯದಿದ್ದರೆ ಒಳಗೆ ಕೂರಿಸಿದ ಹಿತ್ತಾಳೆ ಕೊಳವೆ ಹೊರಗೆ ಮಿಂಚುತ್ತದೆ. ಆಮೇಲೆ ಲೇತಿನ ಮೇಲೆ ಉಳಿಯಿಂದ ಕಡೆದು, ವಾಟರ್ ಪೇಪರಿನಿಂದ ಉಜ್ಜಿ, ಪಾಲಿಶ್ ಕೊಟ್ಟರಾಯಿತು.

ನಡುವೆ ಮಂಡ್ಯದ ಕಬ್ಬಿನ ಬಿಲ್ಲೆಗಳನ್ನೂ ಹಾಕಿ ನೋಡಿದೆ. ಹಸಿ ಬಿಲ್ಲೆ ಕಪ್ಪಾಗಿ ಕೊಳೆಯಿತು. ಒಣಗಿಸಿದ್ದು ಮುದುರಿತು. ವ್ಯಾಕ್ಯೂಮಿನಲ್ಲಿ ತೆಳು ರೆಸಿನ್ ಕುಡಿಸಿ ಬೇಯಿಸಿದ ಮೇಲೆ ನಿಂತಿತು. ಸಣ್ಣ ಸಣ್ಣ ಚುಕ್ಕೆಗಳ ಆ ನೇಯ್ಗೆಯ ಅಂದ ಬೇರೆ ಯಾವ ಮರಕ್ಕೂ ಇಲ್ಲ. ಚನ್ನಪಟ್ಟಣದ ಅರಗಿನ ಚೂರು ಮಾತ್ರ ಒಗ್ಗಲಿಲ್ಲ, ಡ್ರಿಲ್ಲಿನ ಬಿಸಿಗೆ ಕರಗಿ ಬಣ್ಣ ಕಲಸಿಹೋಯಿತು. ಹಿಪ್ಪುನೇರಳೆಯ ಕಡ್ಡಿಗಳು ಚೆನ್ನಾಗಿ ಬಂದಿವೆ, ಅವನ್ನು ಹಸಿರು ರೆಸಿನ್ನಿನೊಡನೆ ಇನ್ನೂ ಮುಂದುವರಿಸಿದ್ದೇನೆ.

ರೆಸಿನ್ ಕಿಲೋಗೆ ಏಳೆಂಟುನೂರು. ಒಂದು ಬ್ಲಾಂಕಿಗೆ ವಿದ್ಯುತ್ತು, ಅಸಿಟೋನ್, ಹಾಳಾದದ್ದರ ಪಾಲು ಸೇರಿಸಿ ಅರವತ್ತು ರೂಪಾಯಿ ಬೀಳುತ್ತದೆ. ಇನ್ನೂರಿಪ್ಪತ್ತಕ್ಕೆ ಕೊಡುತ್ತೇನೆ, ಕಬ್ಬಿನದಾದರೆ ನಾನೂರು. ಸಗಟು ಕೇಳಿ ಬಂದ ವ್ಯಾಪಾರಿಯೊಬ್ಬರು ನೂರಿಪ್ಪತ್ತಕ್ಕೆ ಇಳಿಸಿ ಎಂದರು. ಇಳಿಸಲಿಲ್ಲ. ಎರಡು ತಿಂಗಳ ಮೇಲೆ ಅವರೇ ಇನ್ನೂರಿಪ್ಪತ್ತು ಕೊಟ್ಟು ಐವತ್ತು ಬ್ಲಾಂಕ್ ಒಯ್ದರು, ಎಲ್ಲವೂ ನವಿಲು ನೀಲಿಯೇ.